ಹನ್ನೊಂದು ಮಕ್ಕಳು ಮತ್ತು ಒಂದು ಪುಕ್ಕಟೆ ಗುಂಡಿ

ಕಳೆದ ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಆಲ್ದೂರಿನಲ್ಲಿ ಒಂದು ಗುಂಡಿ ಎಡದಿಂದ ಬಲಕ್ಕೆ ಕಾಲು ಸುತ್ತು ತಿರುಗಿತು. ಯಾರಿಗೂ ಗಾಯಗಳಾಗಲಿಲ್ಲ. ಸಂಚಾರಕ್ಕೂ ಅಡ್ಡಿಯಾಗಲಿಲ್ಲ, ಬಾಳೆಹೊನ್ನೂರಿನ ಬಸ್ಸು ಎಂದಿನಂತೆ ತಡವಾಗಿಯೇ ಬಂತು. ಆ ಗುಂಡಿ ನಿಜವಾದದ್ದೂ ಅಲ್ಲ, ನನ್ನ ಕಂಪ್ಯೂಟರಿನ ಪರದೆಯ ಮೇಲಿನ ಒಂದು ಚಿತ್ರ. ಆದರೂ ಅದು ತಿರುಗಿದ್ದರಿಂದ ಮಲ್ಲಂದೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ಏನೇನೋ ಆಗಿಹೋಯಿತು. ಧ್ವನಿಮುದ್ರಣದ ಅಂಗಡಿ ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ಹೇಳಿಕೊಂಡರೆ ಯಾರೂ ಸಂತಾಪ ಸೂಚಿಸುವುದಿಲ್ಲ, ಅಷ್ಟೇ.

೧. ಬಲ್ಬು ಉರಿಯುವ ಕಪಾಟು

ಕ್ಯಾಸೆಟ್ ಕಾಲ ಮುಗಿದು ಎಷ್ಟೋ ವರ್ಷವಾದರೂ ಊರಿನವರು ನನ್ನನ್ನು ಈಗಲೂ 'ಕ್ಯಾಸೆಟ್ನೋರು' ಎಂದೇ ಕರೆಯುತ್ತಾರೆ. ಕ್ಯಾಸೆಟ್ ಕಾಲದಲ್ಲಿ ನನಗೆ ಇಬ್ಬರು ಶತ್ರುಗಳಿದ್ದರು. ಮೊದಲನೆಯದು ಬೂಷ್ಟು. ಮಳೆ ಹಿಡಿಯಿತೆಂದರೆ ಕ್ಯಾಸೆಟ್ಟಿನೊಳಗೆ ಬಿಳಿ ಬೂಷ್ಟು ಬೆಳೆಯುತ್ತಿತ್ತು. ಅದಕ್ಕಾಗಿ ಕಪಾಟಿನೊಳಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಬಲ್ಬು ಉರಿಸಿಡುತ್ತಿದ್ದೆ. ನಮ್ಮ ಮನೆಯಲ್ಲಿ ಆ ನಾಲ್ಕು ತಿಂಗಳು ಬೆಚ್ಚಗಿರುತ್ತಿದ್ದದ್ದು ಕ್ಯಾಸೆಟ್ಟುಗಳು ಮಾತ್ರ.

ಎರಡನೆಯ ಶತ್ರು, ಟೇಪು ಓಡುವಾಗ ಹಾಡಿನ ಹಿಂದೆ ಕೇಳುವ ಆ 'ಸುಂಯ್' ಸದ್ದು. ಅದನ್ನು ಓಡಿಸಲು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಮೆಷಿನ್ನಿನಲ್ಲಿ ಟೇಪು ತಾಗುವ ಹೆಡ್ ಒರೆಸಿದೆ, ವೈರು ಬದಲಿಸಿದೆ, ದೊಡ್ಡ ಊರುಗಳಿಗೆ ಹೋಗಿ ತಿಳಿದವರನ್ನು ಕೇಳಿಬಂದೆ. ಕೊನೆಗೆ ಕಂಪ್ಯೂಟರ್ ಬಂದು ಸುಂಯ್ ತಾನಾಗಿಯೇ ಹೋಯಿತು. ಅದು ಹೋದ ಮೇಲೆ ಜಗತ್ತಿನ ಜನಕ್ಕೆಲ್ಲ ಅದರ ನೆನಪು ಕಾಡಿತಂತೆ. ಹಳೇ ಟೇಪು, ಹಳೇ ವಾಲ್ವು ರೇಡಿಯೋಗಳು ದನಿಯನ್ನು ಹೇಗೆ ಚೂರು ಕೆಡಿಸುತ್ತಿದ್ದವೋ ಹಾಗೆಯೇ ಕೆಡಿಸಿಕೊಡುವ ಸ್ಯಾಚುರೇಶನ್ ಪ್ಲಗಿನ್ ಎಂಬ ಪುಟ್ಟ ತಂತ್ರಾಂಶಗಳನ್ನು ಬರೆದು, ಪುಕ್ಕಟೆಯಾಗಿ ಹಂಚಿದರು. ನಾನೂ ಒಂದನ್ನು ಇಳಿಸಿಕೊಂಡೆ.

ಸುಂಯ್ ತೆಗೆಯಲು ನನಗೆ ಹದಿನೈದು ವರ್ಷ ಹಿಡಿದಿತ್ತು. ವಾಪಸು ಹಾಕಲು ನಾಲ್ಕು ನಿಮಿಷ ಸಾಕಾಯಿತು. ಅದರಲ್ಲಿ ಮೂರು ನಿಮಿಷ ನೆಟ್‌ವರ್ಕ್ ಸಿಗುವ ಕಿಟಕಿ ಹುಡುಕಿದ್ದು.

೨. ಎದ್ದಿದ್ದವರು, ಮಲಗಿದವರು

ಆ ಎಸ್ಟೇಟಿನ ಶಿಶುವಿಹಾರದ ಆಯಾ ಒಂದು ದಿನ ಸೆರಗಿನ ತುದಿಯಲ್ಲಿ ಏನನ್ನೋ ಗಂಟುಕಟ್ಟಿಕೊಂಡು ಬಂದರು. ಬಿಚ್ಚಿದರೆ, ಇಪ್ಪತ್ತೈದು ವರ್ಷದ ಹಿಂದೆ ನಾನೇ ಮಾಡಿಕೊಟ್ಟ ಕ್ಯಾಸೆಟ್ಟು. ಅದರಲ್ಲಿ ಆಯಾ ಹಾಡಿದ ಜೋಗುಳವಿತ್ತು. ತಾಯಂದಿರು ಕಾಫಿ ಹಣ್ಣು ಕುಯ್ಯಲು ಹೋದಾಗ, ಮಧ್ಯಾಹ್ನ ಒಂದೂವರೆಗೆ ಅದನ್ನು ಹಾಕಿದರೆ ಮಕ್ಕಳೆಲ್ಲ ಮಲಗುತ್ತಿದ್ದವು. ಈಗ ಟೇಪು ತುಂಡಾಗಿತ್ತು, ಬೂಷ್ಟು ಹಿಡಿದು ಪುಡಿಯಾಗುತ್ತಿತ್ತು.

"ನೀವೇ ಎದುರು ಕೂತು ಹಾಡಿದರಾಯ್ತಲ್ಲ, ಆಯಾ?"

"ಎದುರಿಗೆ ಹಾಡಿದ್ರೆ ಹನ್ನೊಂದೂ ಬಂದು ಮಡಿಲಲ್ಲಿ ಕೂರ್ತವೆ ಮಾರಾಯ. ಮಲಗೋದೆಲ್ಲಿಂದ ಬಂತು? ಈ ಕುಯ್ಲು ಮುಗೀತಿದ್ದಂಗೆ ನನ್ನ ಕೆಲ್ಸನೂ ಮುಗೀತು, ಕಳಸದ ಮಗಳ ಮನೆಗೆ ಹೋಗ್ತೀನಿ. ಹೊಸದಾಗಿ ಬರೋಳಿಗೆ ಹಾಡು ಬರಲ್ಲ. ಮಕ್ಕಳು ನಿದ್ದೆ ಇಲ್ದೆ ಅಳ್ತಾ ಕೂರ್ಬೇಕಾ?"

ಜೊತೆಗೆ ಆಳುಗಳ ಲೆಕ್ಕ ಬರೆಯುವ ಎಸ್ಟೇಟ್ ರೈಟರೂ ಬಂದಿದ್ದರು. ಮಗು ಅತ್ತರೆ ತಾಯಿ ಕುಯ್ಲು ಬಿಟ್ಟು ಓಡಿಬರುತ್ತಾಳೆ, ಅದು ಅವರ ಚಿಂತೆ.

"ನಿನ್ನೆ ನಾನೇ ಹೋಗಿ ಕೂತು ನೋಡ್ದೆ ಕ್ಯಾಸೆಟ್ನೋರೇ. ಹನ್ನೊಂದು ಮಕ್ಕಳೂ ಎದ್ದಿದ್ವು. ಮಲಗಿದ್ದು ನಾನೊಬ್ನೇ."

೩. ಪೆಟ್ಟಿಗೆಯೊಳಗಿನ ಆಯಾ

ಅದೇ ಜೋಗುಳವನ್ನು ಹೊಸದಾಗಿ ಮುದ್ರಿಸಿದೆ. ಹಾಡು ಕನ್ನಡಿಯಷ್ಟು ಶುದ್ಧವಾಗಿ ಬಂತು. ಆಯಾ ಉಸಿರೆಳೆದುಕೊಳ್ಳುವುದೂ, ಬಳೆ ಸರಿಸಿದ್ದೂ ಕೇಳುತ್ತಿತ್ತು. ಇಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ಏನನ್ನೂ ಮುದ್ರಿಸಿರಲಿಲ್ಲ.

ಮರುದಿನ ರೈಟರ ಫೋನು. ಹಾಡು ಶುರುವಾದದ್ದೇ ಮಕ್ಕಳೆಲ್ಲ ಎದ್ದು ಸ್ಪೀಕರಿನ ಹಿಂದೆ ಆಯಾರನ್ನು ಹುಡುಕಲು ಹೋದವಂತೆ. ಆಯಾ ಒಳಗೆ ಸಿಕ್ಕಿಹಾಕಿಕೊಂಡಿದ್ದಾರೆಂದು ಒಂದು ಹುಡುಗಿ ಅಳಲು ಶುರುಮಾಡಿದಳಂತೆ. ಆಯಾ ಅವಳ ಮುಂದೆ ಬಂದು ನಿಂತು, "ಇಲ್ಲೇ ಇದ್ದೀನಲ್ಲೇ" ಎಂದರಂತೆ.

ಹುಡುಗಿ ಅವರನ್ನು ಮೇಲಿಂದ ಕೆಳಗೆ ನೋಡಿ, "ನೀನಲ್ಲ, ಒಳಗಿರೋ ಆಯಾ ಬೇಕು" ಎಂದಳಂತೆ.

೪. ಒರೆಸಿದರೂ ಹೋಗದ ಧೂಳು

ಆಗ ಪುಕ್ಕಟೆ ಪ್ಲಗಿನ್ ತೆರೆದೆ. ಅದನ್ನು ಮಾಡಿದವರು ಹಳೇ ಮೆಷಿನ್ನಿನಂತೆ ಕಾಣಲೆಂದು ಪರದೆಯ ಮೇಲೆ ತುಕ್ಕು, ಗೀರು, ಧೂಳು ಎಲ್ಲವನ್ನೂ ಶ್ರದ್ಧೆಯಿಂದ ಚಿತ್ರಿಸಿದ್ದರು. ಪಕ್ಕದಲ್ಲಿ ಕೂತಿದ್ದ ಆಯಾ ನೋಡಿ ನೋಡಿ ತಡೆಯಲಾರದೆ ಸೆರಗಿನಿಂದ ಪರದೆ ಒರೆಸಿದರು. ಉಗುರಿನಿಂದ ಕೆರೆದರು. ತುಕ್ಕು ಹೋಗಲಿಲ್ಲ.

"ಎಂತ ಅಂಗಡಿ ಮಾರಾಯ ನಿಂದು! ಮೆಷಿನ್ನಿಗೆ ಒಂದು ಬಟ್ಟೆನೂ ಹಾಕಲ್ವಾ?"

ಗುಂಡಿಯನ್ನು ಕಾಲು ಸುತ್ತು ತಿರುಗಿಸಿದೆ. ಮೊದಲಲ್ಲಿ ಹೇಳಿದ ಘಟನೆ ಇದೇ. ದನಿಯ ಚೂಪು ಹೋಗಿ, ಅಂಚು ಮೆತ್ತಗಾಯಿತು.

"ಈಗ ಬೆಚ್ಚಗಾಯ್ತು. ಇನ್ನೊಂಚೂರು."

ಅರ್ಧ ಸುತ್ತು.

"ಕಂಬಳಿ ಹೊದ್ದಂಗಾಯ್ತು. ಇನ್ನೊಂ..."

ಮುಕ್ಕಾಲು ಸುತ್ತಿಗೆ ಉತ್ತರ ಬರಲಿಲ್ಲ. ಆಯಾ ಕುರ್ಚಿಯಲ್ಲೇ ನಿದ್ದೆಹೋಗಿದ್ದರು. ಅವರ ಬಸ್ಸೂ ಹೋಯಿತು. ಗೆದ್ದೆ ಎಂದುಕೊಂಡು ಆ ಹಾಡನ್ನು ಶಿಶುವಿಹಾರದ ಫೋನಿಗೆ ಹಾಕಿ ಕಳಿಸಿದೆ.

ಮರುದಿನ ಒಂದೂ ಮುಕ್ಕಾಲಿಗೆ ರೈಟರು ಫೋನ್ ಮಾಡಿದರು.

"ಹಾಡು ಹಾಕಿದ್ವಿ. ಆಯಾ ಮಲಗಿದ್ರು. ಮಕ್ಕಳು ಅವ್ರಿಗೆ ಹೊದಿಕೆ ಹೊದ್ಸಿ ಆಟ ಆಡ್ತಿವೆ."

೫. ಯಾವ ಹಾಡು?

ಹಳೇ ಕ್ಯಾಸೆಟ್ಟಿನ ಒಂದಷ್ಟು ತುಂಡನ್ನು ಹೇಗೋ ಅಂಟಿಸಿ ಕೇಳಿದೆ. ಆ ದಿನ ಕಣ್ಣಮುಂದೆ ಬಂತು. ನನಗಿನ್ನೂ ಮೀಸೆ ಕಪ್ಪಗಿತ್ತು. ಆಯಾ ನಾಚಿಕೊಂಡು ಗೋಡೆಯ ಕಡೆ ತಿರುಗಿ ಹಾಡಿದ್ದರು. ಅದಕ್ಕೇ ಹಾಡು ಎಲ್ಲೋ ಪಕ್ಕದ ಕೋಣೆಯಿಂದ ಬಂದಂತಿತ್ತು. ಮುಂದೆ ನಿಂತು ಕೇಳುತ್ತಿದ್ದದ್ದು ನನ್ನ ಶತ್ರುವಾದ ಸುಂಯ್, ಅದರ ಜೊತೆಗೆ ಮೋಟಾರಿನ ಗೊರಗೊರ. ಇಷ್ಟು ಕೆಟ್ಟ ಮುದ್ರಣವನ್ನು ಇಪ್ಪತ್ತೈದು ವರ್ಷ ಕೇಳಿಸಿಕೊಂಡ ಮಕ್ಕಳ ಬಗ್ಗೆ ಗೌರವ ಮೂಡಿತು.

ಆ ಪ್ಲಗಿನ್ನಿನಲ್ಲಿ ಸುಂಯ್‌ಗೂ ಗೊರಗೊರಕ್ಕೂ ಬೇರೆ ಗುಂಡಿಗಳಿದ್ದವು. ಹಾಡು ಇಲ್ಲದಿದ್ದರೂ ಸದ್ದು ಕೊಡುತ್ತಿದ್ದವು. ಹಾಡಿನ ದನಿಯನ್ನು ಮುಚ್ಚಿಟ್ಟು ಮಧ್ಯಾಹ್ನವೆಲ್ಲ ಬರೀ ಸುಂಯ್ ಹದಮಾಡಿದೆ. ಹದ ಬಂದ ಸಂತೋಷದಲ್ಲಿ ಹಾಗೆಯೇ ಕಳಿಸಿಬಿಟ್ಟೆ.

ಮರುದಿನ ರೈಟರು ಪಿಸುಗುಟ್ಟುತ್ತಿದ್ದರು. "ಹನ್ನೊಂದೂ ಮಲಗಿವೆ. ಜೋರಾಗಿ ಮಾತಾಡ್ಬೇಡಿ."

"ಹಾಡು ಹೇಗಿದೆ?"

"ಯಾವ ಹಾಡು?"

ಮುಚ್ಚಿಟ್ಟ ಹಾಡನ್ನು ಮತ್ತೆ ತೆರೆಯಲು ಮರೆತದ್ದು ನನಗೆ ಆಗ ಹೊಳೆಯಿತು. ಅಷ್ಟರಲ್ಲಿ ಆಯಾ ಫೋನ್ ಕಿತ್ತುಕೊಂಡಿದ್ದರು. ನಡೆದದ್ದನ್ನು ಹೇಳಿದೆ. ಆ ಕಡೆಯಿಂದ ಸುಂಯ್ ಮಾತ್ರ ಕೇಳುತ್ತಿತ್ತು.

"ಅಂದ್ರೆ ಇಷ್ಟು ವರ್ಷ ಮಕ್ಕಳನ್ನ ಮಲಗ್ಸಿದ್ದು ನಾನಲ್ಲ. ನಿನ್ನ ಹಾಳು ಮೆಷಿನ್ನು."

"ಹಾಗಲ್ಲ ಆಯಾ. ಆ ಸದ್ದು ಬಂದರೆ ಹಿಂದೆಯೇ ನಿಮ್ಮ ಹಾಡು ಬರುತ್ತದೆ ಅಂತ ಮಕ್ಕಳಿಗೆ ಗೊತ್ತು. ಅದು ಬರುವಷ್ಟರಲ್ಲಿ ಮಲಗಿಬಿಡುತ್ತವೆ."

"ಸಮಾಧಾನ ಎಲ್ಲ ಬ್ಯಾಡ. ಅದು ಇಲ್ಲೇ ಇರ್ಲಿ, ಮಕ್ಕಳು ಮಲಗ್ತವಲ್ಲ ಸಾಕು. ಹಾಡು ಇರೋದನ್ನ ನಂಗೆ ಕೊಡು."

ಕುಯ್ಲು ಮುಗಿದ ಮೇಲೆ ಆಯಾ ಕಳಸಕ್ಕೆ ಹೋದರು. ಶಿಶುವಿಹಾರದಲ್ಲಿ ಹಾಡಿಲ್ಲದ್ದನ್ನೇ ದಿನವೂ ಹಾಕುತ್ತಾರೆ. ಹಾಡು ಇರುವುದು ಆಯಾ ಅವರ ಫೋನಿನಲ್ಲಿದೆ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಅವರು ಫೋನ್ ಎತ್ತುವುದಿಲ್ಲ.