ನನ್ನ ಶಾಲೆಗೆ ಯಾರು ನುಗ್ತಾರೋ ನೋಡ್ತೀನಿ

ಭದ್ರತೆ ಅಂದರೆ ಮುಖ ಗಂಟು ಹಾಕಿಕೊಂಡು ಮಾಡೋ ಕೆಲಸ ಅಂತ ತಿಳಿದವರು ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಹೈಸ್ಕೂಲಿಗೆ ಒಂದು ಸಲ ಬರಬೇಕು. ಇಲ್ಲಿ ಗೇಟು ಬಿಗಿ ಮಾಡಿದಷ್ಟೂ ನಗು ಜಾಸ್ತಿ.

ನಾನು ಅಲ್ಲಿ ಪಿ.ಟಿ. ಮೇಡಂ. ಹೊರಗಿನವರು ಶಾಲೆಗೆ ನುಗ್ಗಿ ಮಕ್ಕಳ ಮೇಲೆ ಕೈ ಮಾಡಿದ ಸುದ್ದಿ ಟೀವಿಯಲ್ಲಿ ನೋಡಿದಾಗಿನಿಂದ ತಂದೆ-ತಾಯಂದಿರಿಗೆ ಸಮಾಧಾನ ಇರಲಿಲ್ಲ. ಅನಾಹುತ ಆದಮೇಲೆ ಬಾಯಿ ಬಡಿದುಕೊಳ್ಳೋ ಬದಲು ಮೊದಲೇ ತಯಾರಿ ಇರಲಿ ಅಂತ ಆಡಳಿತ ಮಂಡಳಿ ತೀರ್ಮಾನ ಮಾಡಿತು. ಗಂಟಲು ದೊಡ್ಡದು ಅನ್ನೋ ಒಂದೇ ಕಾರಣಕ್ಕೆ ಹೊಣೆ ನನ್ನ ತಲೆಗೆ ಬಂತು. ಬರಲಿ, ನಾನೇನು ಹೆದರೋಳಲ್ಲ.

ಆದರೆ ಅಧ್ಯಕ್ಷರು ಒಂದು ಮಾತು ಸೇರಿಸಿದರು. "ಪೊಲೀಸ್ನೋರು ಒಂದಿನ ಮಫ್ತಿಯಾಗೆ ಯಾರನ್ನಾರ ಕಳಿಸಿ ಪರೀಕ್ಷೆ ಮಾಡ್ತಾರೆ. ಅವ ಕ್ಲಾಸ್ ರೂಮಿಗೆ ಕಾಲಿಟ್ಟನೋ, ನಾಲ್ಕಕ್ಕೆ ಗೇಟು ಬಂದ್. ಸಂಜಿ ಖೋಖೋನೂ ಬಂದ್."

ಖೋಖೋ ಬಂದ್ ಆದರೆ ನಮ್ಮ ಟೀಮಿನ ಗತಿ? ನನ್ನ ಹುಡುಗಿಯರು ಹೋದ ವರ್ಷ ಹರಿಹರದ ಪಂದ್ಯದಲ್ಲಿ ಒಂದೇ ಪಾಯಿಂಟಿನಲ್ಲಿ ಸೋತು, ಬಸ್ಸಿನಲ್ಲಿ ದಾರಿಯ ಬಾತಿ ಊರು ದಾಟೋವರೆಗೂ ಅತ್ತವರು. ಈ ವರ್ಷ ಗೆದ್ದೇ ಬರ್ತೀವಿ ಅಂತ ಹಟ ತೊಟ್ಟಿದ್ದರು. ಸಂಜೆ ಆಡದೆ ಗೆಲ್ಲೋದು ಹೆಂಗೆ?

ಫ್ಲೆಕ್ಸಿನ ಫೋಟೋ

ಮೊದಲ ನಿಯಮ, ಗುರುತಿನ ಚೀಟಿ ಇಲ್ಲದವರು ಒಳಗಿಲ್ಲ. ನಮ್ಮ ವಾಚ್‌ಮನ್ ಅಜ್ಜ ಹರಿಹರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಹೇಳಿದ್ದನ್ನು ಹೇಳಿದ ಹಾಗೇ ಮಾಡೋ ಮನುಷ್ಯ. ಮರುದಿನ ಮೊದಲು ಬಂದವರೇ ಅಧ್ಯಕ್ಷರು.

"ಚೀಟಿ ತೋರಿಸ್ರಿ."

"ನಾನ್ಯಾರು ಅಂತ ಗೊತ್ತಿಲ್ಲೇನಜ್ಜಾ?"

"ಗೊತ್ತೈತ್ರಿ. ಚೀಟಿ ತೋರಿಸ್ರಿ."

ಅಧ್ಯಕ್ಷರಿಗೆ ಸಿಟ್ಟು ಬಂತು. ಗೇಟಿನ ಮೇಲೆ ಕಟ್ಟಿದ್ದ ತಮ್ಮ ಹುಟ್ಟುಹಬ್ಬದ ಫ್ಲೆಕ್ಸಿಗೆ ಬೆರಳು ಮಾಡಿದರು. "ಅದ್ರಾಗಿರೋನು ಯಾರು?"

ಅಜ್ಜ ಹಣೆಗೆ ಕೈ ಅಡ್ಡ ಹಿಡಿದು ಫ್ಲೆಕ್ಸ್ ನೋಡಿದರು, ಆಮೇಲೆ ಅಧ್ಯಕ್ಷರನ್ನು ನೋಡಿದರು.

"ಅವ್ರಿಗೆ ತಲೆತುಂಬ ಕೂದಲು ಐತಲ್ರೀ!"

ಉದ್ದ ಗಂಟೆ

ಅಪಾಯ ಬಂದರೆ ಉದ್ದಕ್ಕೆ ಗಂಟೆ ಹೊಡೆಯೋದು, ಆಗ ಎಲ್ಲರೂ ತರಗತಿ ಚಿಲಕ ಹಾಕಿ ಕೂರೋದು ಅಂತ ಗೊತ್ತು ಮಾಡಿದೆವು. ಪ್ರಾರ್ಥನೆಯಲ್ಲಿ ಗಂಟಲು ಹರಿಯೋ ಹಾಗೆ ಹೇಳಿದ್ದೆ. ಮಧ್ಯಾಹ್ನ ಗಂಟೆ ಹೊಡೆಸಿದೆ. "ಹೋ" ಅಂತ ಇಡೀ ಶಾಲೆ ಬ್ಯಾಗು ಎತ್ತಿಕೊಂಡು ಗೇಟಿಗೆ ಓಡಿ ಬಂತು! ಹುಟ್ಟಿದಾಗಿನಿಂದ ಉದ್ದ ಗಂಟೆ ಅಂದರೆ ಮನೆಗೆ ಹೋಗೋ ಗಂಟೆ, ಪಾಪ, ಮಕ್ಕಳದ್ದೇನು ತಪ್ಪು?

ಮಕ್ಕಳನ್ನು ಹೇಗೋ ತಡೆದೆ. ಗಣಿತದ ಮೇಷ್ಟ್ರು ಮಾತ್ರ ಸಿಗಲಿಲ್ಲ. ಫೋನ್ ಮಾಡಿದರೆ, ಮನೆ ಮುಟ್ಟಿ ಚಾ ಕುಡಿಯುತ್ತಿದ್ದರು.

ಹೆಡ್ ಮೇಡಂ ಬರೋವರೆಗೆ

ಗಂಟೆ ಬಿಟ್ಟು ನನ್ನ ವಿಷಲ್ಲೇ ಇಟ್ಟುಕೊಂಡೆವು. ಮೂರು ಸಲ ಉದ್ದಕ್ಕೆ ಊದಿದರೆ ಚಿಲಕ. ಯಾರು ಬಡಿದರೂ ತೆಗೆಯಬಾರದು, ಹೆಡ್ ಮೇಡಂ ಬಂದು ಹೇಳೋವರೆಗೂ ಯಾರೂ ಅಲ್ಲಾಡಬಾರದು. ಊದಿದೆ. ಆಹಾ, ಏನು ಶಿಸ್ತು ಅಂತೀರಿ! ಒಂದು ಕೆಮ್ಮೂ ಇಲ್ಲ. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು.

ಮುಗಿಯಿತು ಅಂತ ಹೇಳಿಸೋಣ ಅಂದರೆ ಹೆಡ್ ಮೇಡಮ್ಮೂ ಆಫೀಸಿನ ಚಿಲಕ ಹಾಕಿಕೊಂಡಿದ್ದರು. ಬಾಗಿಲು ಬಡಿದೆ.

"ಯಾರೇ ಬರಲಿ, ತೆಗೆಯಲ್ಲ!" ಅಂದರು ಒಳಗಿಂದ.

"ಮೇಡಂ, ಮುಗೀತು, ಬರ್ರಿ."

"ಹೆಡ್ ಮೇಡಂ ಬಂದು ಹೇಳೋವರೆಗೂ ತೆಗೆಯಂಗಿಲ್ಲ!"

"ಅಯ್ಯೋ, ಹೆಡ್ ಮೇಡಂ ನೀವೇ ಅಲ್ಲೇನ್ರೀ!"

ಮದುವೆ ಪತ್ರಿಕೆ

ಆಮೇಲೆ ಒಂದು ದಿನ ಪರೀಕ್ಷೆ ಬಂದೇಬಿಟ್ಟಿತು. ಹೆಂಗೆ ಬಂತು ಕೇಳ್ರಿ.

ಆಟದ ಪೀರಿಯಡ್ಡು, ಮೈದಾನದಲ್ಲಿ ನನ್ನ ಹುಡುಗಿಯರು ಖೋಖೋ ಆಡುತ್ತಿದ್ದರು. ಗೇಟಿನಲ್ಲಿ ಬಿಳಿ ಅಂಗಿಯ ಒಬ್ಬ ಮನುಷ್ಯ, ಕೈಯಲ್ಲಿ ಮದುವೆ ಪತ್ರಿಕೆಗಳ ಕಟ್ಟು. ನಮ್ಮ ಕಡೆ ಪತ್ರಿಕೆ ಹಿಡಿದು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿದರೆ ಉಂಟೇನು? ಅಧ್ಯಕ್ಷರನ್ನೇ ಬಿಡದ ಅಜ್ಜ, ಚಪ್ಪಲಿ ಬಿಟ್ಟು ಎರಡೂ ಕೈ ಚಾಚಿ ಪತ್ರಿಕೆ ಈಸಿಕೊಂಡರು. "ಬರ್ರಿ, ಬರ್ರಿ. ಮೇಡಂ, ಪತ್ರಿಕಿ ಕೊಡಾಕೆ ಬಂದಾರೆ!"

ನಾನೇನು ಕಮ್ಮಿ? ಅಂಕಣಕ್ಕೆ ಗೆರೆ ಹಾಕಿದ ಸುಣ್ಣದ ಕೈ ಒರೆಸಿಕೊಂಡು, ಪತ್ರಿಕೆ ಕಣ್ಣಿಗೆ ಒತ್ತಿಕೊಂಡೆ. "ಕೂಡ್ರಿ ಅಣ್ಣಾರೆ. ಯಾರದು ಮದುವೆ?"

"ನಮ್ಮ ತಂಗೀದು ಮೇಡಂ. ಗಂಡಿನ ಕಡೇರು ಗುತ್ತೂರು."

"ಚಲೋ ಆತು ಬಿಡ್ರಿ. ಯಾವತ್ತು?"

"ಬರೋ ಸೋಮವಾರ."

ಚಲೋ ಆತು ಅಂತ ಇನ್ನೊಮ್ಮೆ ಅನ್ನೋಕೆ ಬಾಯಿ ತೆಗೆದವಳು ಹಾಗೇ ನಿಂತೆ. ಬರೋ ಸೋಮವಾರ? ಭೀಮನ ಅಮಾವಾಸ್ಯೆಗೇ ಇನ್ನೂ ಎರಡು ವಾರ ಇದೆ! ಹೋದ ತಿಂಗಳು ಮದುವೆಯಾದ ನಮ್ಮ ಅಕ್ಕನ ಮಗಳು ಆಷಾಢ ಅಂತ ತವರಿಗೆ ಬಂದು ಕೂತಿದ್ದಾಳೆ, ಇವನ ತಂಗಿ ಹಸೆಮಣೆ ಏರ್ತಾಳಂತೆ!

ವಿಷಲ್ ಬಾಯಿಗಿಟ್ಟೆ. ಮೂರು ಸಲ ಊದಿದೆ.

ಅವನಿಗೂ ಗೊತ್ತಾಯಿತು. ಹತ್ತಿರದ ತರಗತಿ ಕಡೆ ಓಟ ಕಿತ್ತ. "ಧೈರ್ಯ ತೋರಿಸೋಕೆ ಹೋಗಬ್ಯಾಡ್ರಿ, ಓಡ್ರಿ, ಚಿಲಕ ಹಾಕ್ರಿ" ಅಂತ ಹುಡುಗಿಯರಿಗೆ ದಿನಾ ಹೇಳಿದ್ದೆ. ಏನು ಓಟ ಅದು! ಅವನು ಮೈದಾನದ ಅರ್ಧಕ್ಕೆ ಬರೋದರೊಳಗೆ ಎಲ್ಲರೂ ಒಳಗೆ. ಪಟಪಟ ಚಿಲಕ ಬಿದ್ದವು. ಅವನು ಒಂದೊಂದೇ ಬಾಗಿಲು ಬಡಿದ. ಯಾರೂ ತೆಗೆಯಲಿಲ್ಲ.

"ಮದುವಿ ಪತ್ರಿಕಿ ಕೊಡೋದೈತ್ರವಾ," ಅಂತ ಗೋಗರೆದ.

"ಕಿಟಕಿ ಸಂದ್ಯಾಗೆ ಹಾಕಿ ಹೋಗಣ್ಣಾ!" ಅಂದಳು ನಮ್ಮ ಟೀಮಿನ ಕ್ಯಾಪ್ಟನ್.

ಸುಸ್ತಾಗಿ ಕಟ್ಟೆ ಮೇಲೆ ಕೂತ. ಅಜ್ಜ ಗೇಟಿಗೆ ಬೀಗ ಜಡಿದು ಬಂದು, ಅಷ್ಟಾದರೂ ಪತ್ರಿಕೆ ತಂದವನಲ್ಲವೇ ಅಂತ ಚಾ ಕೊಟ್ಟರು.

ಅಧ್ಯಕ್ಷರ ಜೊತೆ ಜೀಪಿನಲ್ಲಿ ಬಂದ ಇನ್ಸ್‌ಪೆಕ್ಟರ್ ಮುಚ್ಚಿದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತಳ್ಳಿ ನೋಡಿದರು. ಆಮೇಲೆ ಅಧ್ಯಕ್ಷರಿಗೆ, "ಈ ಹುಡುಗೇರು ಹಂಗೆ ಓಡಿದ್ದಕ್ಕೇ ನೀವು ಪಾಸಾಗೀರಿ. ಸಂಜಿ ಆಟ ಮಾತ್ರ ನಿಲ್ಲಿಸಬ್ಯಾಡ್ರಿ," ಅಂದರು. ಅಧ್ಯಕ್ಷರು ಅಲ್ಲೇ ಹೂಂ ಅಂದರು. ನನಗೆ ಕಣ್ಣು ತುಂಬಿ ಬಂತು. ಇಂಥ ಮಕ್ಕಳ ಮೇಡಂ ನಾನು ಅಂತ ದಾವಣಗೆರೆಗೆಲ್ಲ ಕೇಳೋ ಹಾಗೆ ಕೂಗಬೇಕು ಅನ್ನಿಸಿತು.

ಇನ್ಸ್‌ಪೆಕ್ಟರ್ ತಮ್ಮ ಕಾನ್‌ಸ್ಟೇಬಲ್ ಕಡೆ, ಅದೇ ನಮ್ಮ ಪತ್ರಿಕೆ ಅಣ್ಣನ ಕಡೆ, ತಿರುಗಿದರು. "ಎಷ್ಟೋ ಶಾಲಿ ಹೊಕ್ಕು ಬಂದೋನು ನೀನು. ಇಲ್ಲೆಲ್ಲಿ ಸಿಕ್ಕಿಬಿದ್ದೆಯೋ? ಗೇಟಿನಾಗಾ, ಮೈದಾನದಾಗಾ?"

ಅವನು ಚಾ ಲೋಟ ಕೆಳಗಿಟ್ಟು ಎದ್ದು ಸೆಲ್ಯೂಟ್ ಹೊಡೆದ.

"ಆಷಾಢದಾಗೆ, ಸಾರ್."