ಸುರಂಗಕ್ಕೆ ಹೋದ ಕುರಿಗಂಟೆಗಳು

ಅವತ್ತು ಸುರಂಗದಲ್ಲಿ ಕರೆಂಟು ತಾನಾಗಿ ಹೋಗಲಿಲ್ಲ. ನನ್ನ ಮೈದುನನೇ ಫ್ಯೂಜು ಕಿತ್ತ. ಯಾರು ಏನೇ ಹೇಳಲಿ, ನಡೆದದ್ದು ಇಷ್ಟೆ.

ಇಡೀ ಕೂಡ್ಲಿಗಿ ತಾಲ್ಲೂಕಿನಲ್ಲಿ ಕತ್ತಲೆಂದರೆ ಅವನಷ್ಟು ಹೆದರುವ ಗಂಡಸು ಇನ್ನೊಬ್ಬನಿಲ್ಲ. ಅಂಥವನ ಕೆಲಸವೇನು? ಘಟ್ಟದ ರಸ್ತೆಯ ಸುರಂಗದಲ್ಲಿ ಹಳೆಯ ವೈರು ಕಿತ್ತು ಹೊಸ ದೀಪ, ಹೊಗೆ ಎಳೆಯುವ ಫ್ಯಾನು, ಅಪಾಯದ ಗಂಟೆ ಕೂಡಿಸುವುದು! ನಮ್ಮ ಅತ್ತೆ ತೀರಿಕೊಂಡಾಗ ಅವನು ನನ್ನ ಸೊಂಟದೆತ್ತರ ಇದ್ದ. ಬೆಳೆಸಿದವಳು ನಾನು, ಆದ್ದರಿಂದ ಬೈಯುವ ಹಕ್ಕೂ ನನ್ನದೇ. ಬೈದು ಬೈದು ನನಗೇ ಸಾಕಾಗಿದೆ, ಅದು ಬೇರೆ ಮಾತು.

ಕರೆಂಟಿನ ಕೆಲಸದವನಾದರೂ ಕರೆಂಟನ್ನು ನಂಬುವವನಲ್ಲ. ನಮ್ಮ ಮನೆಯಲ್ಲಿ ಬಲ್ಬು ಉರಿಯುತ್ತಿದ್ದರೂ ಅದರ ಪಕ್ಕ ಒಂದು ಕಂದೀಲು ಹಚ್ಚಿಡುತ್ತಿದ್ದ. ಒಮ್ಮೆ ರಜೆಗೆ ಬಂದವನು ಒಲೆಗೆ ಹಸಿ ಕಟ್ಟಿಗೆ ತುರುಕಿ, ಮನೆ ತುಂಬ ಹೊಗೆ ಎಬ್ಬಿಸಿ, ಸುರಂಗಕ್ಕೆ ಬೆಂಕಿ ಬಿದ್ದರೆ ಹೀಗೇ ಪಾರಾಗಬೇಕೆಂದು ನಮ್ಮನ್ನೆಲ್ಲ ಮೊಣಕಾಲ ಮೇಲೆ ಹೊರಗೆ ತೆವಳಿಸಿದ. ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬಾಣದ ಗುರುತು ಬೇರೆ!

"ಲೇ, ಇರೋದು ಒಂದ ಬಾಗ್ಲ. ಅದಕ್ಕ ಬಾಣ ಯಾಕೋ?"

"ಹೊಗಿಯಾಗ ಬಾಗ್ಲ ಕಾಣಂಗಿಲ್ಲ ಅತ್ತಿಗೆಮ್ಮ."

"ಬಾಗ್ಲಾನ ಕಾಣ್ದಿದ್ರ ನಿನ್ನ ಬಾಣ ಕಾಣ್ತೈತೇನು?"

ಮೂರು ದಿನ ಗೋಡೆಯನ್ನೇ ನೋಡುತ್ತ ಕೂತ. ನಾಲ್ಕನೆಯ ದಿನ ಕೆಲಸಕ್ಕೆ ಹೊರಟುಹೋದ. ಅವನ ಸಂಗಡ ನಾನು ಹೊಸೆದಿಟ್ಟಿದ್ದ ಆಡುಗೂದಲ ಹಗ್ಗವೂ ಹೋಯಿತು, ನನ್ನ ಕುರಿಗಳ ಕೊರಳ ಗಂಟೆಗಳೂ ಹೋದವು!

ಮುಂದಿನ ಕುರಿಯ ಗಂಟೆ ಕೇಳದಿದ್ದರೆ ಹಿಂದಿನ ಕುರಿ ಯಾವ ದಿಕ್ಕಿಗೆ ಹೋಗಬೇಕು? ಕುರಿ ಚದುರಿ, ಅರ್ಧ ಹಿಂಡು ಕಾನಹೊಸಹಳ್ಳಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿತು. ಟಿಕೆಟ್ ತೆಗೆಸುವುದೊಂದು ಬಾಕಿ ಇತ್ತು!

ಗಂಟೆ ವಾಪಸು ತರಲು ಎರಡು ದಿನ ಬಸ್ಸಿನಲ್ಲಿ ಕೂತು ನಾನೇ ಹೋದೆ. ಸೊಂಟ ಇವತ್ತಿಗೂ ನೋಯುತ್ತದೆ. ಅಲ್ಲಿ ನೋಡಿದರೆ, ಸುರಂಗದ ನಡುವಿನ ತಿರುವಿನಿಂದ ಬಾಯಿಯ ತನಕ ಗೋಡೆಗುಂಟ ನನ್ನ ಹಗ್ಗ, ಅದರ ತುಂಬ ನನ್ನ ಗಂಟೆ! ಮೊದಲು ಟಗರಿನ ದೊಡ್ಡ ಗಂಟೆಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ.

"ಉಳಿದವು ಇರ್ಲಿ ಅತ್ತಿಗೆಮ್ಮ, ಸಾಹೇಬ್ರು ನೋಡಿ ಹೋಗಾತನ," ಎಂದು ಗೋಗರೆದ.

ಕೆಲಸ ತಪಾಸಣೆ ಮಾಡುವ ಸಾಹೇಬರು ಮಧ್ಯಾಹ್ನ ತಮ್ಮ ಮಂದಿಯೊಂದಿಗೆ ಬಂದರು. ರಸ್ತೆಯನ್ನು ಎರಡೂ ಕಡೆ ಮುಚ್ಚಿದ್ದರು. ಎಲ್ಲರೂ ತಿರುವಿನ ತನಕ ನಡೆದೆವು. ದೀಪ ಒಪ್ಪಿದರು, ಫ್ಯಾನು ಒಪ್ಪಿದರು. ಹಗ್ಗ ಕಂಡಿತು ನೋಡಿ!

"ಏನಯ್ಯಾ, ಇದು ಸುರಂಗವೋ ಕುರಿದೊಡ್ಡಿಯೋ? ಸಂಜೆಯೊಳಗೆ ಬಿಚ್ಚು. ಇಲ್ಲದಿದ್ದರೆ ನಾಳೆಯಿಂದ ನಿನಗೆ ಇಲ್ಲಿ ಕೆಲಸವಿಲ್ಲ."

"ಬಿಚ್ತೀನ್ರಿ. ಕರೆಂಟ್ ಹೋದ್ರ ಈ ಹೊಸ ಗಂಟಿ ಬಡಕೊಂತೈತೇನ್ರಿ?"

"ಹೊಸದಲ್ಲವೇ? ಬಡಿದುಕೊಳ್ಳದೆ ಏನು?"

ಮೈದುನ ತಿರುವಿನಲ್ಲೇ ಇದ್ದ ಫ್ಯೂಜಿನ ಪೆಟ್ಟಿಗೆಯ ಕಡೆ ನಡೆದ. ಮರುಕ್ಷಣ ಕತ್ತಲು.

ಎಂಥ ಕತ್ತಲು ಅಂತೀರಿ! ಸಾಹೇಬರು ಗಂಟೆಯ ಗುಂಡಿ ಒತ್ತಿದರು, ಮತ್ತೆ ಒತ್ತಿದರು. ಅದಕ್ಕೂ ಅದೇ ಕರೆಂಟು ತಾನೇ? ಉಸಿರೇ ಇಲ್ಲ. "ಟಾರ್ಚು! ಟಾರ್ಚೆಲ್ಲಿ?" ಟಾರ್ಚು ಹೊರಗೆ ಜೀಪಿನಲ್ಲಿ ಆರಾಮಾಗಿತ್ತು. ನಾನು ಹಗ್ಗ ಜಗ್ಗಿದೆ. ಗಂಟೆಗಳು ಒಂದರ ಹಿಂದೊಂದು ಬಾಯಿಯ ತನಕ ಮಾತಾಡಿದವು.

"ಹಗ್ಗ ಹಿಡ್ಕೊಂಡು ನನ್ ಹಿಂದ ಬರ್ರಿ," ಎಂದೆ. ಬೂಟು ಹಾಕಿದ ದೊಡ್ಡವರೆಲ್ಲ ತೆಪ್ಪಗೆ ಬಂದರು.

ಹೊರಗೆ ಬಂದು ತಲೆ ಎಣಿಸಿದೆ. ಕುರಿ ಕಾಯುವವರ ಚಾಳಿ. ಒಬ್ಬ ಕಡಿಮೆ.

ಹಗ್ಗ ಹಿಡಿದು ಮತ್ತೆ ಒಳಗೆ ಹೋದೆ. ಅವನು ಪೆಟ್ಟಿಗೆಯ ಹತ್ತಿರ ಗೋಡೆಗೆ ಅಂಟಿಕೊಂಡು ನಿಂತಿದ್ದ. ಫ್ಯೂಜು ಮುಷ್ಟಿಯಲ್ಲೇ ಇತ್ತು. ಕತ್ತಲಲ್ಲಿ ಅದನ್ನು ಮತ್ತೆ ಕೂಡಿಸಲು ಆಗಿರಲಿಲ್ಲ.

"ಇಷ್ಟ್ ಅಂಜಾವ ಯಾಕ ಕಿತ್ತೀಯಲೇ?"

"ನನ್ನಂಗ ಅಂಜಾವ್ರು ಈ ಸುರಂಗದಾಗ ಭಾಳ ಮಂದಿ ಬರ್ತಾರ ಅತ್ತಿಗೆಮ್ಮ."

ನಲವತ್ತು ದಾಟಿದ ಗಂಡಸು, ನನ್ನ ಸೆರಗಿನ ತುದಿ ಹಿಡಿದ. ಬೈಯಬೇಕೆಂದು ಬಾಯಿ ತೆರೆದವಳು ಹಗ್ಗ ಹಿಡಿದು ಮುಂದೆ ನಡೆದೆ.

ಕರೆಂಟು ತಾನಾಗಿ ಹೋಯಿತೆಂದೇ ಸಾಹೇಬರು ನಂಬಿದರು. ಕುತ್ತಿಗೆ ಒರೆಸಿಕೊಳ್ಳುತ್ತ, "ಗಂಟೆಗೆ ಬ್ಯಾಟರಿ ತರಿಸಬೇಕು. ಅಲ್ಲಿಯವರೆಗೆ ಹಗ್ಗ ಇರಲಿ. ಇವನೂ ಇರಲಿ," ಎಂದರು.

ಮರುದಿನ ಬೆಳಿಗ್ಗೆ ಬಸ್ಸಿಗೆ ಮುಂಚೆ ಒಳಗೆ ಹೋಗಿ, ಆ ಪೆಟ್ಟಿಗೆಯ ಪಕ್ಕ, ಅವನ ಕೈಗೆ ಎಟಕುವಲ್ಲಿ, ಚೀಲದಲ್ಲಿದ್ದ ಟಗರಿನ ಗಂಟೆಯನ್ನು ಹಗ್ಗಕ್ಕೆ ಬಿಗಿಯಾಗಿ ಕಟ್ಟಿ ಬಂದೆ.