ಕೆಂಚನಿಗೆ ಹಣ್ಣು ತಿನ್ನಿಸಿದ ಬೇಸಿಗೆ

ಬೇಸಿಗೆ ಬಂದರೆ ಬೇರೆಯವರಿಗೆ ಬೆವರು ಬರುತ್ತದೆ, ನನಗೆ ಅವಮಾನ ಬರುತ್ತದೆ. ಅದೂ ಮನುಷ್ಯರಿಂದಲ್ಲ, ನಾಲ್ಕು ಕಾಲಿನವರಿಂದ. ನಾನಾಗ ಶಿಕಾರಿಪುರ–ಸೊರಬದ ಬಸ್ಸಿಗೆ ಕಂಡಕ್ಟರ್. ಆಣೆ ಹೋಗಿ ನಯಾಪೈಸೆ ಬಂದ ಹೊಸತು. ಚಿಲ್ಲರೆಗಾಗಿ ಇಡೀ ಬಸ್ಸು ಜಗಳಕ್ಕೆ ನಿಂತರೂ ಒಂದೇ ಗದರಿಕೆಗೆ ಕೂರಿಸುತ್ತಿದ್ದ ಗಂಡು ನಾನು. ಅಂಥವನು ಒಂದು ನಾಯಿಗೆ ಸೋತೆ.

ನಾಯಿ ಸೊರಬದ ಕಡೆಯ ಜಡೆ ಊರಿನಲ್ಲಿದ್ದ ನಮ್ಮತ್ತೆಯದು, ಹೆಸರು ಕೆಂಚ. ಆ ವರ್ಷ ಅವರ ಮನೆಗೆ ಹೆಂಚು ಹೊದಿಸುತ್ತಿದ್ದರು. ಕೆಂಚ ಕೆಲಸದವರನ್ನು ಏಣಿ ಹತ್ತಲು ಬಿಡುತ್ತಿದ್ದ, ಇಳಿಯಲು ಬಿಡುತ್ತಿರಲಿಲ್ಲ. ಅತ್ತೆ ಅಂದರು, "ಅಳಿಯಂದ್ರೇ, ಕೆಲ್ಸ ಮುಗಿಯೋವರೆಗೆ ನಿಮ್ಮಲ್ಲಿರ್ಲಿ. ನಿಮ್ಮನ್ನ ಹಚ್ಚಿಕೊಂಡ್ರೆ ಅಲ್ಲೇ ಇಟ್ಕೊಳ್ಳಿ, ಬೇಡ ಅನ್ನಲ್ಲ."

ಮದುವೆಯಾದಾಗಿನಿಂದ ಆ ನಾಯಿಯ ಮೇಲೆ ನನ್ನ ಕಣ್ಣು. "ಮಳೆಗಾಲದ ಹೊತ್ತಿಗೆ ನಿಮ್ಮ ಮುಖಾನೇ ಮರೆತಿರ್ತಾನೆ ಬಿಡಿ ಅತ್ತೆ" ಅಂದೆ. ಹಣ್ಣು ತಿನ್ನಿಸಿ ಒಲಿಸಿಕೊಳ್ಳುವುದೆಂದು ಅವನನ್ನು ಶಿಕಾರಿಪುರಕ್ಕೆ ಕರೆತರುವ ಬಸ್ಸಿನಲ್ಲೇ ತೀರ್ಮಾನವಾಯಿತು.

ಕಲ್ಲಂಗಡಿ

ಸಂತೆಯಿಂದ ದೊಡ್ಡ ಕಲ್ಲಂಗಡಿ ತಂದು ಅರ್ಧ ಹೋಳು ಅವನ ಮುಂದಿಟ್ಟೆ. ಬೀಜ, ಸಿಪ್ಪೆ ಏನನ್ನೂ ಬಿಡಲಿಲ್ಲ.

"ರೀ, ಅಷ್ಟು ಕೊಡ್ತಾರೇನ್ರೀ? ಹೊಟ್ಟೆ ಕೆಡುತ್ತೆ" ಅಂದಳು ನಮ್ಮ ಮನೆಯವಳು.

"ನಿಂಗೇನು ಗೊತ್ತು, ದೇಹಕ್ಕೆ ತಂಪು" ಅಂದೆ.

ತಂಪು ಅವನ ದೇಹದಲ್ಲಿ ನಿಲ್ಲಲಿಲ್ಲ. ಕಂಬಕ್ಕೆ ಆಯಿತು, ಬಾಗಿಲಿಗೆ ಆಯಿತು, ಕೊನೆಗೆ ಗೋಡೆ ಬುಡದಲ್ಲಿಟ್ಟಿದ್ದ ನನ್ನ ಟಿಕೆಟ್ಟಿನ ಚೀಲಕ್ಕೂ ಆಯಿತು. ಮರುದಿನ ಉಡುತಡಿಯ ಅಜ್ಜಿಯೊಬ್ಬಳು ಟಿಕೆಟ್ಟನ್ನು ಮೂಗಿನ ಹತ್ತಿರ ಹಿಡಿದು ಕೇಳಿದಳು, "ತಮ್ಮಾ, ಇದು ಬಸ್ಸಿಂದೋ, ಕೊಟ್ಟಿಗೇದೋ?"

ಹಲಸು

ಹಲಸಿನ ತೊಳೆಯನ್ನು ಮೇಣ ಒರೆಸದೆ ಹಾಗೇ ಕೊಟ್ಟೆ. ಎರಡು ಸಲ ಅಗಿದ ಕೆಂಚನಿಗೆ ಬಾಯಿ ತೆರೆಯಲಾಗಲಿಲ್ಲ. ಬಿಡಿಸಲು ಹೋದ ನನ್ನ ಕೈ ಅವನ ಮೂತಿಗೆ ಅಂಟಿತು, ಬಗ್ಗಿ ನೋಡಿದರೆ ಮೀಸೆಯೂ ಅಂಟಿತು. ಮನೆಯವಳು ಕೊಬ್ಬರಿ ಎಣ್ಣೆ ತಂದು ನಾಯಿಯ ಬಾಯಿಗೇ ಮೊದಲು ಹಚ್ಚಿದಳು.

"ಲೇ, ಮೊದ್ಲು ನನ್ನ ಬಿಡಿಸೇ!"

"ಇರ್ರೀ, ನಿಮ್ಮನ್ನ ಬಿಟ್ರೆ ಅದಕ್ಕೆ ಇನ್ನೊಂದು ತೊಳೆ ತಿನ್ನಿಸ್ತೀರಿ."

ಅಲ್ಲಿಂದಾಚೆಗೆ ಕೆಂಚ ನನ್ನ ಕೈ ಕಂಡರೆ ಬಾಯಿ ಬಿಗಿದು ಗೋಡೆ ಕಡೆ ತಿರುಗುತ್ತಿದ್ದ. ಅವನ ಬೆನ್ನು ನೋಡುತ್ತ ನಾನು ಒಬ್ಬನೇ ಹಲಸು ತಿಂದೆ. ರುಚಿಯೇ ಇರಲಿಲ್ಲ.

ವಾಟೆ

ಸುದ್ದಿ ಜಡೆಗೆ ಮುಟ್ಟಿತು. ಅತ್ತೆ ಪ್ರಯಾಣಿಕರೊಬ್ಬರ ಕೈಲಿ ಹೇಳಿ ಕಳಿಸಿದರು: "ಹಣ್ಣು ಕೊಟ್ರೆ ಕೊಡ್ಲಿ, ವಾಟೆ ಮಾತ್ರ ನಾಯಿ ಬಾಯಿಗೆ ಸಿಗಬಾರ್ದು."

ಅವರ ಸೊರಬದ ಕಡೆ ವಾಟೆಯೆಂದರೆ ಮಾವಿನ ಗೊರಟೆ. ನಾನು ಬೆಳೆದ ಶಿಕಾರಿಪುರದ ಓಣಿಯಲ್ಲಿ ಗೊರಟೆ ಗೊರಟೆಯೇ, ವಾಟೆಯೆಂದರೆ ಬುಟ್ಟಿ ಹೆಣೆಯುವ ಬಿದಿರು. ನಾನು ಅತ್ತೆಯ ಮಾತು ಮೀರುವ ಅಳಿಯನಲ್ಲ. ಬುಟ್ಟಿ, ಮೊರ, ತಟ್ಟಿ ಎಲ್ಲ ಅಟ್ಟಕ್ಕೆ ಏರಿಸಿದೆ. ಆಮೇಲೆ ನಿಶ್ಚಿಂತೆಯಿಂದ ಒಂದು ಇಡೀ ಮಾವಿನಹಣ್ಣನ್ನು ನೆಲದಲ್ಲಿಟ್ಟು ದೂರ ಸರಿದೆ. ನನ್ನ ಕೈ ಕಾಣದ್ದರಿಂದ ಕೆಂಚ ಗುಳುಂ ಅನ್ನಿಸಿದ, ಗೊರಟೆ ಸಮೇತ.

ಮರುದಿನ ಅವನು ಏಳಲಿಲ್ಲ, ನೀರೂ ಮುಟ್ಟಲಿಲ್ಲ. ಮನೆಯವಳು ಹಣೆ ಚಚ್ಚಿಕೊಂಡಳು, "ವಾಟೆ ಅಂದ್ರೆ ಅದೇ ಕಣ್ರೀ! ನನ್ನನ್ನೊಂದು ಮಾತು ಕೇಳಬಾರ್ದಿತ್ತೇ?"

ಹೆಗಲ ಮೇಲೆ ಹೊತ್ತು ದನದ ಆಸ್ಪತ್ರೆಗೆ ಓಡಿದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಬೀಜ, ಸಿಪ್ಪೆ ತೆಗೆದು ಚೂರು ತಿರುಳು ಕೊಟ್ರೆ ಏನೂ ಆಗಲ್ಲ ಮಾರಾಯ್ರೇ. ಗೊರಟೆ ಕರುಳಿಗೆ ಅಡ್ಡ ಬಿದ್ರೆ ಜೀವಾನೇ ಹೋಗುತ್ತೆ" ಎಂದು ವಾಂತಿಯ ಔಷಧ ಕುಡಿಸಿದರು. ನಾನು ಹೊರಗೆ ಗೋಡೆಗೆ ಮುಖ ಹಚ್ಚಿ ನಿಂತೆ. ನಾಟಿ ಮಾವು, ಗೊರಟೆ ಸಣ್ಣದು. ಹೊರಗೆ ಬಿತ್ತು, ಕೆಂಚ ಉಳಿದ. ಆ ಹೊತ್ತಿಗೆ ನಮ್ಮ ಬಸ್ಸು ಕಂಡಕ್ಟರನ್ನು ಬಿಟ್ಟು ಶಿರಾಳಕೊಪ್ಪ ದಾಟಿತ್ತು. ಟಿಕೆಟ್ ಇಲ್ಲದೆ ಹೋದ ಜನ ನನ್ನ ನಾಯಿಗೆ ಆಯುಷ್ಯ ಹಾರೈಸಿದರಂತೆ.

ರೈಟ್

ಹೆಂಚಿನ ಕೆಲಸ ಮುಗಿದು ಅತ್ತೆ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಬಸ್ಸಲ್ಲಿ ಸುಮ್ನೆ ಕೂತಿರ್ತೀನಿ, ಕರೆಯಲ್ಲ. ಕೆಂಚ ನಿಮ್ಮ ಹತ್ರ ನಿಂತ್ರೆ ನಿಮ್ಮವನು" ಅಂದರು.

ನಾನು ಬಸ್ಸಿನ ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, "ಕೆಂಚಾ, ಬಾರೋ ಮಗನೇ" ಎಂದೆ. ಬಂದ! ಓಡಿ ಬಂದು ಎರಡೂ ಮುಂಗಾಲು ನನ್ನ ಎದೆಯ ಮೇಲಿಟ್ಟ. ಇಡೀ ಬಸ್ಸು ನೋಡಿತು. ನನ್ನ ಕಣ್ಣು ತುಂಬಿತು. "ನೋಡಿದ್ರಾ ಅತ್ತೆ!"

ಕೆಂಚ ನನ್ನ ಎರಡೂ ಅಂಗೈ ಮೂಸಿದ, ಜೇಬು ಮೂಸಿದ, ಚೀಲದೊಳಗೆ ಮೂತಿ ಹಾಕಿದ. ಎಲ್ಲೂ ಹಣ್ಣಿಲ್ಲವೆಂದು ಖಾತ್ರಿಯಾದ ಮೇಲೆ ನೆಮ್ಮದಿಯ ನಿಟ್ಟುಸಿರು ಬಿಟ್ಟು, ನನ್ನನ್ನು ದಾಟಿ ಹತ್ತಿ, ಅತ್ತೆಯ ಕಾಲಬುಡದಲ್ಲಿ ಮಲಗಿಬಿಟ್ಟ.

ಹಿಂದಿನ ಸೀಟಿನಿಂದ ಒಬ್ಬರು ಕೂಗಿದರು, "ಚೆಕಿಂಗ್ ಮುಗೀತಲ್ರೀ ಕಂಡಕ್ಟ್ರೇ, ಹೊರಡೋಣ!"

ಸೀಟಿ ತುಟಿಗಿಟ್ಟೆ. ಉಸಿರೇ ಬರಲಿಲ್ಲ. ಕೊನೆಗೆ ರೈಟ್ ಹೇಳಿದ್ದೂ ನಮ್ಮತ್ತೆಯೇ.